ವಲ್ಲಿಯ ಕೆಳಗ

ನವನಗರದ ಶೋರೂಮಿನಾಗ
ನೆಲ ಎಷ್ಟು ನುಣ್ಣಗಿತ್ತಂದ್ರ
ಚಪ್ಪಲಿ ಹೊರಗ ಬಿಟ್ಟು ಬಂದ್ಲು ನನ್ನ ಹೆಂಡ್ತಿ.
'ಹಾಕ್ಕೊಂಡ ಬರ್ರಿ ಅಮ್ಮಾರ' ಅಂದ ಹುಡುಗ.
ಅದೊಂದ ನೋಡ್ರಿ, ಅವತ್ತು
ಅವಗ ಖಾತ್ರಿ ಗೊತ್ತಿದ್ದ ಮಾತು.

ಮೂವತ್ತೊಂದು ವರ್ಷ ದನದ ಸಂತ್ಯಾಗ
ದಲಾಲಿ ಮಾಡೀನಿ ನಾ, ರಾಜೇಸಾಬ.
ಬಾಯಿ ತೆರೆಸಿ ಹಲ್ಲು ಎಣಿಸದ
ಹಗ್ಗ ಮುಟ್ಟಿದವನಲ್ಲ.
'ಹಲ್ಲು ತೋರಸಪಾ' ಅಂದೆ.
ಬಾನೆಟ್ಟಿನ ಕೀಲಿ ಎಲ್ಲೈತಂತ
ಸ್ಟೀರಿಂಗ್ ಕೆಳಗ ತಡಕ್ಯಾಡಿ ತಡಕ್ಯಾಡಿ
ಪೆಟ್ರೋಲಿನ ಮುಚ್ಚಳ ತೆಗೆದ.
ಆಮ್ಯಾಲ ಡಿಕ್ಕಿ ತೆಗೆದ.
ವೈಪರ್ ಎರಡು ಸಲ ಕೈ ಬೀಸಿ
ನಮಗ ಹೋಗಿ ಬರ್ರಿ ಅಂತು.

'ಲೀಟರಿಗೆ ಎಷ್ಟ ಓಡತೈತಿ?'
ಇಪ್ಪತ್ತೆರಡು ಅಂದ.
ಗಾಜಿನ ಕೋಣ್ಯಾಗಿನ ಸಾಹೇಬನ್ನ ಕೇಳಿ ಬಂದು
ಹತ್ತೊಂಬತ್ತು ಅಂದ.
ಹೊಳ್ಳಿ ಹೋಗಿ ಬಂದು
'ಅದು ರಸ್ತೆ ಮ್ಯಾಲ ಇರ್ತೈತ್ರಿ' ಅಂದ.
ರಸ್ತೆ ಮ್ಯಾಲ ಇರದ
ಮಾಳಿಗಿ ಮ್ಯಾಲ ಇರ್ತೈತೇನು ಕಾರು?
ನಾ ಏನೂ ಅನ್ನಲಿಲ್ಲ.

ಕಾರು ಅಕೀದು. ರೊಕ್ಕ ಅಕೀದು,
ಹನ್ನೆರಡು ಖಾನಾವಳಿಗೆ ರೊಟ್ಟಿ ಬಡದು ಕೂಡಿಸಿದ್ದು.
ಲೈಸೆನ್ಸೂ ಅಕೀದ.
ಹುಡುಗ ಮಾತ್ರ ಎಲ್ಲಾ ನನಗ ಹೇಳತಿದ್ದ,
ಅಕಿ ಕೈಯಾಗ ಬಣ್ಣದ ಕಾಗದ ಕೊಟ್ಟು ಕುಂಡ್ರಿಸಿ.
ಹಸನಬಿ ಕಾಗದ ಮಡಚಿ ಕೇಳಿದ್ಲು:
'ಡಿಕ್ಕ್ಯಾಗ ಎಷ್ಟ ಹಿಡಿತೈತೋ?'
'ಮುನ್ನೂರ ಹದಿನೆಂಟು ಲೀಟರ್ರೀ.'
'ಹಾಲು ಮಾರಾಕಿ ಅಲ್ಲೋ ಯಪ್ಪಾ ನಾ.
ರೊಟ್ಟಿ ಬುಟ್ಟಿ ಎಷ್ಟ?'
ಹುಡುಗ ಗಾಜಿನ ಕೋಣಿ ಕಡೆ ನೋಡಿದ.
ಅಕಿನ ಬಗ್ಗಿ ಗೇಣು ಹಾಕಿದ್ಲು.
'ನಾಕು. ಐದನೇದ್ದು ನಿಮ್ಮ ತೊಡಿ ಮ್ಯಾಲ'
ಅಂದ್ಲು ನನಗ.

ಗೇಣು ಹಾಕೂ ಕೈಯ ತೋಳಿನಂಚು ಕಂಡು
ಹುಡುಗನ ಧ್ವನಿನ ಬ್ಯಾರೆ ಆತು.
'ಗುಳೇದಗುಡ್ಡದ ಖಣ ಅಂತ ಕೊಟ್ರೇನ್ರಿ ಇದನ್ನ?
ಅಲ್ರಿ ಅಮ್ಮಾರ. ಪವರ್‌ಲೂಮಿಂದು.
ಎಷ್ಟ ತಗೊಂಡ? ಸುಳ್ಳ ಹೇಳ್ಯಾನ್ರಿ ಅಂವ.'
ನೂಲಿನ ಎಣಿಕಿ ಹೇಳಿದ, ಬಣ್ಣದ ಕುದಿ ಹೇಳಿದ,
ಯಾವ ತೊಳತಕ್ಕ ಬಿಡತೈತಿ ಅದನ್ನೂ ಹೇಳಿದ,
ಯಾರನ್ನೂ ಕೇಳಿ ಬರದ.
ಅಪ್ಪನ ಕುಣಿಮಗ್ಗದ ದಂಡಿಗೆ ಬೆಳದಾಂವ.
ಟೈ ಕಟ್ಟಿಕೊಂಡು ಹದಿನಾರು ದಿನ.

ದರ ಮಾತಾಡೂಣು ಅಂದೆ.
ಹೆಗಲ ಮ್ಯಾಲಿನ ವಲ್ಲಿ ತೆಗೆದು
ಅವನ ಕೈ ಮ್ಯಾಲ ಹೊದಿಸಿದೆ.
'ಕ್ಯಾಮೆರಾ ಅದಾವ್ರಿ' ಅಂತ ಅಂಜಿದ.
'ಅದಕ್ಕ ವಲ್ಲಿ' ಅಂದೆ.
ಬೆರಳಿಗೆ ಹತ್ತು ಸಾವಿರ, ಹೇಳಿಕೊಟ್ಟೆ.
'ಹನ್ನೆರಡರ ಮ್ಯಾಲ ರೂಪಾಯಿ ಬಿಡಾಕ ಬರಂಗಿಲ್ರಿ'
ಅಂತಿತ್ತು ಬಾಯಿ.
ಕೈ ಬೆವರತಿತ್ತು.
ತೋರಬೆರಳ ತುದಿಗೆ ನೂಲು ಕೊಯ್ದ ಗೆರಿ,
ಒಂದರ ಮ್ಯಾಲೊಂದು.
ನಾ ಒಂದೊಂದ ಬೆರಳು ಕೂಡಿಸ್ಕೋತ ಹೋದೆ.
ಎರಡು. ಸುಮ್ಮನಿತ್ತು.
ಮೂರು.
ನಾಕಕ್ಕ ನಡುಗಿತು,
ನೊಣ ಕೂತ ಜಾಗಾದಾಗ ಎತ್ತಿನ ಚರ್ಮ ನಡುಗಿದಂಗ.
ಗಾಜಿನ ಕೋಣಿಯಿಂದ ಹೇಳಿ ಕಳಿಸಿದ ಗಡಿ
ಅಲ್ಲಿತ್ತು.

ಇಷ್ಟು ಸಸಾರ ವ್ಯಾಪಾರ
ಹುಟ್ಟಿದಾಗಿಂದ ಮಾಡಿಲ್ಲ.
ಮಾಡಿ ಖುಷಿ ಆಗಲಿಲ್ಲ.
ಹಲ್ಲು ನೋಡಾಕ ಕಲಿಸದ
ಕೈಯಾಗ ಹಗ್ಗ ಕೊಟ್ಟು ಸಂತಿಗೆ ಕಳಿಸಿದಾಂವ
ಒಳಗ ಫೋನಿನಾಗ ನಗಾಕ ಹತ್ತಿದ್ದ.
ನಾಕನೇ ಬೆರಳಿನ ನಡು ಗಂಟಿಗೆ
ಕೈ ಬಿಟ್ಟೆ.

ಬಸ್ ಸ್ಟ್ಯಾಂಡಿಗೆ ನಡಕೋತ ಕೇಳಿದ್ಲು:
'ಅಂವ ಎಲ್ಲಿ ತನಕ ಬರ್ತಿದ್ದ?'
'ಮೂವತ್ತೈದ. ಅಲ್ಲೇ ಮುಗೀತು' ಅಂದೆ.
ವಲ್ಲಿಯ ಕೆಳಗಿನ ಮಾತು
ಹೊರಗ ಆಡಬಾರದು, ಅದು ನಮ್ಮ ಕಸಬಿನ ಧರ್ಮ.

ಅಕಿ ಮಾತಾಡಲಿಲ್ಲ.
ಸೆರಗಿನ ಕೆಳಗ ನನ್ನ ಕೈ ಹಿಡದ್ಲು.
ಒಂದು ಬೆರಳು ಒತ್ತಿದ್ಲು. ಎರಡು. ಮೂರು.
ನಾಕನೇದಕ್ಕ ನಿಂತು
ನನ್ನ ಮುಖ ನೋಡಿ ಅಂದ್ಲು:

'ಐದು ಸಾವಿರಕ್ಕ
ಎಷ್ಟ ರೊಟ್ಟಿ ಬಡೀಬೇಕು, ಗೊತ್ತೈತೇನು?'